ಕೆರೆಯಂಗಳದಲ್ಲಿ ಹಿಂದಕ್ಕೆ ಸರಿದ ಜೀಪು

ದೆವ್ವ, ಗಾಳಿ, ಶಕುನ ಎನ್ನುವವರ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡವನೇ ಅಲ್ಲ. ನನ್ನೆದುರು ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ, ಗಾಡಿ ಯಾವುದು, ಬ್ಯಾಟರಿ ಎಷ್ಟು ಹಳೆಯದು, ನೀವು ಎಷ್ಟು ಕುಡಿದಿದ್ದಿರಿ ಎಂದು ಕೇಳಿ ಮಜಾ ಕೆಡಿಸುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಗಬಹುದು, ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ಬಳಿ ನಾಲ್ಕು ಚಕ್ರಕ್ಕೂ ಎಳೆತವಿರುವ ಹಳೆಯ ಜೀಪೊಂದಿದೆ. ಬಿಳಿಗೆರೆಯ ಸುತ್ತಮುತ್ತ ಯಾರ ಗಾಡಿ ಎಲ್ಲಿ ಹೂತುಕೊಂಡರೂ ಫೋನು ನನಗೇ ಬರುತ್ತದೆ. ಕೊಬ್ಬರಿ ಮೂಟೆ ತುಂಬಿದ ಟೆಂಪೊ, ಮದುವೆಗೆ ಬಂದ ನೆಂಟರ ಕಾರು, ಬೋರ್‌ವೆಲ್ ಲಾರಿ, ಎಲ್ಲವನ್ನೂ ಎಳೆದಿದ್ದೇನೆ. ಈ ಕೆಲಸದಲ್ಲಿ ನಾನು ಸ್ವಲ್ಪ ಕಿರಿಕಿರಿಯ ಮನುಷ್ಯ. ಹೂತ ಗಾಡಿಯ ಎಕ್ಸಲರೇಟರ್ ಒತ್ತಿ ಚಕ್ರ ಗಿರಗಿರ ತಿರುಗಿಸುವವರನ್ನು ಕಂಡರೆ ಬೈದುಬಿಡುತ್ತೇನೆ, ಅದರಿಂದ ಗುಂಡಿ ಆಳವಾಗುತ್ತದೆಯೇ ಹೊರತು ಗಾಡಿ ಬರುವುದಿಲ್ಲ. ಎಳೆಯುವ ಬೆಲ್ಟನ್ನು ಬಂಪರಿಗೆ ಕಟ್ಟಲು ಬಿಡುವುದಿಲ್ಲ, ಚಾಸಿಯ ಕೊಕ್ಕೆಗೇ ಸಿಕ್ಕಿಸಬೇಕು. ಬೆಲ್ಟು ತುಂಡಾದರೆ ಹಾರಿ ಬಂದು ಯಾರ ಮುಖಕ್ಕೂ ಹೊಡೆಯಬಾರದೆಂದು ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸುತ್ತೇನೆ. ತಮಾಷೆ ನೋಡಲು ನಿಂತವರನ್ನೆಲ್ಲ ದೂರ ಅಟ್ಟುವವರೆಗೂ ಇಂಜಿನ್ ಚಾಲೂ ಮಾಡುವುದಿಲ್ಲ. ಗಾಡಿಯೊಳಗೆ ಡ್ರೈವರ್ ಬಿಟ್ಟು ಇನ್ನೊಬ್ಬರು ಕೂತಿರುವಂತಿಲ್ಲ. ಇವನದೊಂದು ಶಾಸ್ತ್ರ ಎಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ನನ್ನ ಅಕ್ಕ ಗೌರಮ್ಮನನ್ನು ಕೊಟ್ಟಿದ್ದು ನಮ್ಮೂರ ಕೆರೆಯ ಆಚೆ ದಡದ ಊರಿಗೆ. ನಮ್ಮ ಮನೆಯ ತಾರಸಿ ಹತ್ತಿದರೆ ಅವರ ತೋಟದ ತೆಂಗಿನ ತಲೆಗಳು ಕಾಣುತ್ತವೆ. ಭಾವ ಮೆತ್ತನೆಯ ಮನುಷ್ಯ, ಯಾರೊಂದಿಗೂ ದನಿ ಎತ್ತಿ ಮಾತಾಡಿದವರಲ್ಲ. ಮಕ್ಕಳಾಗಲಿಲ್ಲ. ಅದಕ್ಕಾಗಿ ಇಬ್ಬರಲ್ಲಿ ಒಬ್ಬರೂ ಇನ್ನೊಬ್ಬರನ್ನು ದೂರಿದ್ದನ್ನು ನಾನು ಕೇಳಿಲ್ಲ. ಹಬ್ಬಕ್ಕೆಂದು ತವರಿಗೆ ಬಂದರೂ ಅಕ್ಕ ಒಂದು ರಾತ್ರಿ ನಿಂತವಳಲ್ಲ. ಬಿಸಿಲು ಇಳಿಯುತ್ತಿದ್ದಂತೆ, "ನಿಮ್ ಭಾವ ಒಬ್ರೇ ಇರ್ತಾರೆ, ಬತ್ತೀನಿ ಕಣಪ್ಪ" ಎಂದು ಹೊರಟುಬಿಡುತ್ತಿದ್ದಳು.

ಅವಳಿಗೆ ಕಿಡ್ನಿ ಕೆಟ್ಟಿತು. ತಿಪಟೂರಿನ ಆಸ್ಪತ್ರೆಗೆ ಪದೇ ಪದೇ ಓಡಾಡಬೇಕಾಗಿದ್ದರಿಂದ, ರಸ್ತೆ ಅನುಕೂಲ ಇರುವ ನಮ್ಮ ಮನೆಯಲ್ಲೇ ಕೊನೆಯ ಕೆಲವು ತಿಂಗಳು ಇರಿಸಿಕೊಂಡೆವು. ಭಾವ ದಿನವೂ ಮೊಪೆಡ್‌ನಲ್ಲಿ ಬರುತ್ತಿದ್ದರು. ಎಳನೀರು ಕೊಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಹುಷಾರಿಲ್ಲದವರನ್ನು ನೋಡಲು ಎಳನೀರಲ್ಲದೆ ಬೇರೇನು ಒಯ್ಯಬೇಕು ಎನ್ನುವುದು ನಮ್ಮ ಸೀಮೆಯ ಗಂಡಸಿಗೆ ಗೊತ್ತಿಲ್ಲ. ಭಾವ ಬರಿಗೈಯಲ್ಲಿ ಬಂದು, ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಅವಳ ಮಂಚದ ಪಕ್ಕ ಕೂತಿರುತ್ತಿದ್ದರು. ಅದನ್ನು ನೋಡುವುದು ನನಗೆ ಅಕ್ಕನ ಕಾಯಿಲೆಗಿಂತ ಕಷ್ಟವಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ ಅವಳು ಹೋಗಿಬಿಟ್ಟಳು.

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಅವರವರ ತೋಟದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಮದುವೆಯಾದ ಹೆಣ್ಣಿಗೆ ಜಾಗ ಗಂಡನ ತೋಟದಲ್ಲಿ, ಅದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅಕ್ಕನೂ ಅದರ ಬಗ್ಗೆ ಎಂದೂ ಬಾಯಿ ಬಿಟ್ಟಿರಲಿಲ್ಲ. ಭಾವ ತಮ್ಮ ತೋಟದ ಮೂಲೆಯಲ್ಲಿ ಜಾಗ ತೋರಿಸಿ, ಗುಂಡಿ ತೆಗೆಯುವವರಿಗೆ "ಪಕ್ಕದಲ್ಲಿ ನಂಗೂ ಒಸಿ ಜಾಗ ಬುಟ್ಟಿರ್ರಪ್ಪ" ಎಂದು ಹೇಳಿ ಬಂದಿದ್ದರು.

ಹೊತ್ತು ಮುಳುಗುವುದರೊಳಗೆ ಆಗಬೇಕಿತ್ತು. ಕಿಬ್ಬನಹಳ್ಳಿ ಸುತ್ತಿಕೊಂಡು ರಸ್ತೆಯಲ್ಲೇ ಹೋಗೋಣವೆಂದರೆ, ಭಾವನ ತೋಟದ ಹತ್ತಿರದ ಮೋರಿ ಆ ಸಲದ ಮಳೆಗೆ ಕುಸಿದಿತ್ತು. ಉಳಿದದ್ದು, ವರ್ಷಗಳಿಂದ ನೀರು ನಿಲ್ಲದ ಕೆರೆಯಂಗಳದ ಬಂಡಿ ಜಾಡು. ಹಿಂದಿನ ದಿನವಷ್ಟೇ, ಮೊಪೆಡ್ ಕೈಕೊಟ್ಟಿದ್ದರಿಂದ ಭಾವನನ್ನು ಊರಿಗೆ ಬಿಡಲು ನಾನು ಅದೇ ಜಾಡಿನಲ್ಲಿ ಹೋಗಿ ಬಂದಿದ್ದೆ, ನಾಲ್ಕು ಚಕ್ರದ ಲಿವರ್ ಮುಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಆದರೂ ನನ್ನ ಶಾಸ್ತ್ರ ಬಿಡಲಿಲ್ಲ. ಕೋಲು ಹಿಡಿದು ಮೊದಲು ನಡೆದು ನೋಡಿ ಬಂದೆ. ತೋಟಕ್ಕೆಂದು ಜನ ಗೋಡುಮಣ್ಣು ತೆಗೆದು ಮಾಡಿದ ಗುಂಡಿಗಳೆಲ್ಲ ಎಲ್ಲೆಲ್ಲಿವೆ ಎಂದು ನನಗೆ ಗೊತ್ತು. ಜಾಡಿನ ನೆಲ ಗಟ್ಟಿಯಾಗಿತ್ತು.

ನಾನು ಓಡಿಸುತ್ತಿದ್ದೆ. ಪಕ್ಕದಲ್ಲಿ ನಮ್ಮ ದೊಡ್ಡಮ್ಮ. ಹಿಂದಿನ ಸೀಟಿನಲ್ಲಿ ಅಕ್ಕನನ್ನು ಕೂರಿಸಿ, ಬೀಳದಂತೆ ಪಂಚೆಯಿಂದ ಸಡಿಲವಾಗಿ ಕಟ್ಟಿ, ಭಾವ ತಮ್ಮ ಹೆಗಲಿಗೆ ಒರಗಿಸಿಕೊಂಡಿದ್ದರು. ಉಳಿದವರು ಹಿಂದೆ ನಡೆದು ಬರುತ್ತಿದ್ದರು. ನಮ್ಮ ದಡದಿಂದ ಇಳಿಯುತ್ತ ಇನ್ನೂ ಕೆರೆಯ ನಡುವನ್ನು ಮುಟ್ಟಿರಲಿಲ್ಲ, ಜೀಪು ನಿಧಾನವಾಗಿ ಕುಸಿಯಿತು. ಒಂದು ಪಕ್ಕಕ್ಕೆ ವಾಲಿದ್ದಲ್ಲ. ನಾಲ್ಕು ಚಕ್ರವೂ ಒಟ್ಟಿಗೆ, ಯಾರೋ ಸುಸ್ತಾಗಿ ಕೂತುಕೊಂಡ ಹಾಗೆ.

ಹೂತ ಗಾಡಿಗೆ ಮೊದಲ ದಾರಿ ಅದು ಬಂದ ದಾರಿಯೇ. ತಾನೇ ತುಳಿದ ಜಾಡು ಗಟ್ಟಿಯಾಗಿರುತ್ತದೆ. ರಿವರ್ಸ್ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟೆ. ಅಲ್ಲಾಡಲಿಲ್ಲ. ಇನ್ನೊಮ್ಮೆ ನೋಡಿ ಇಳಿದುಬಿಟ್ಟೆ. ದೊಡ್ಡಮ್ಮನನ್ನು ಇಳಿಸಿದೆ. ಭಾವನನ್ನೂ ಇಳಿಯಲು ಹೇಳಿದೆ.

"ಹೆಂಗಿಳೀಲಪ್ಪ? ನಾನೆದ್ರೆ ಬೀಳ್ತಾಳೆ" ಅಂದರು.

ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ನನ್ನ ನಿಯಮ ಬಿಟ್ಟುಕೊಟ್ಟೆ.

ಚಕ್ರಗಳ ಮುಂದೆ ಹಿಂದೆ ಸಲಿಕೆಯಿಂದ ಕೆಸರು ತೆಗೆದೆವು. ಟೈರಿನ ಗಾಳಿ ಇಳಿಸಿದೆ. ದಡದ ತೋಟದಿಂದ ಒಣಗರಿ, ಕಾಯಿಮಟ್ಟೆ ತಂದು ಚಕ್ರದ ಅಡಿಗೆ ತುರುಕಿದೆವು. ಮಟ್ಟೆ ಕೆಸರೊಳಗೆ ಹೋಯಿತೇ ಹೊರತು ಜೀಪು ಮೇಲೆ ಬರಲಿಲ್ಲ. ಅಷ್ಟರಲ್ಲಿ ಆಚೆ ದಡದಿಂದ ಚನ್ನಿಗಪ್ಪ ಟ್ರ್ಯಾಕ್ಟರ್ ತಂದ. ಅವನು ನನ್ನ ಜೊತೆ ಓದಿದವನು, ಅಲ್ಲಿ ಗುಂಡಿ ತೆಗೆಸುತ್ತಿದ್ದ. ಜೀಪಿನ ಮುಂದಿನ ಕೊಕ್ಕೆಗೆ ಬೆಲ್ಟು ಸಿಕ್ಕಿಸಿ, ಗೋಣಿಚೀಲ ಹೊದಿಸಿ, ಎಲ್ಲರನ್ನೂ ದೂರ ಕಳಿಸಿ, ನಿಧಾನವಾಗಿ ಎಳೆಯಲು ಹೇಳಿದೆ. ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತು. ಬೆಲ್ಟು ಬಿಗಿದುಕೊಂಡು ಮಿಡಿಯಿತು. ಜೀಪು ಕೂತಲ್ಲೇ ಕೂತಿತ್ತು. ಎರಡನೇ ಸಲವೂ ಅಷ್ಟೇ. ಹಿಂದೆ ಭಾವ ಕೂತಿರುವಾಗ ಇನ್ನೂ ಜೋರಾಗಿ ಎಳೆಸುವ ಧೈರ್ಯ ನನಗಾಗಲಿಲ್ಲ.

"ಲೋಡ್ ಲಾರಿ ಎಳ್ದಿರೋ ಗಾಡಿ ಕಣ್ಲಾ ಇದು" ಎಂದು ಚನ್ನಿಗಪ್ಪ ಟ್ರ್ಯಾಕ್ಟರ್ ಹಿಂದಕ್ಕೆ ತಂದು ತನ್ನ ಕಡೆಯ ಬೆಲ್ಟು ಬಿಚ್ಚಿದ. "ಹೊತ್ತೋಯ್ತದೆ. ಬುಡ್ಲಾ, ಹೊತ್ಕೊಂಡೇ ಹೋಗಾನ."

ಅದೇ ಸರಿ ಅನ್ನಿಸಿತು. ಇಂಜಿನ್ ಆಫ್ ಮಾಡಿದೆ. ಗೇರು ನ್ಯೂಟ್ರಲ್‌ಗೆ ಹಾಕಿ, ಕೀ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಇಳಿದೆ. ಹ್ಯಾಂಡ್‌ಬ್ರೇಕ್ ಹಾಕಲಿಲ್ಲ. ಅರ್ಧ ಚಕ್ರ ಕೆಸರಲ್ಲಿರುವ ಗಾಡಿಗೆ ಹ್ಯಾಂಡ್‌ಬ್ರೇಕ್ ಯಾಕೆ? ನಾಲ್ಕು ಜನ ಗಂಡಸರು ಅಕ್ಕನನ್ನು ಇಳಿಸಿಕೊಳ್ಳಲು ಪಂಚೆ ಮೊಣಕಾಲ ಮೇಲೆ ಕಟ್ಟಿಕೊಂಡು ಬಂದರು.

ಆಗ ದೊಡ್ಡಮ್ಮ ಕೂಗಿದಳು. "ಮುಟ್ಟಬ್ಯಾಡ್ರಪ್ಪ ಅವಳ್ನ. ಅವಳಿಗೆ ಹೋಗಾಕೆ ಮನಸಿಲ್ಲ. ಅದ್ಕೇ ಭಾರ ಆಗವ್ಳೆ."

ನನಗೆ ಸಿಟ್ಟು ನೆತ್ತಿಗೇರಿತು. "ಸುಮ್ನಿರು ದೊಡ್ಡಮ್ಮ. ಕೆಸರಿಗೆ ಮನಸೂ ಇಲ್ಲ ಗಿನಸೂ ಇಲ್ಲ" ಎಂದೆ.

ಮಾತು ಭಾವನ ಕಿವಿಗೂ ಬಿದ್ದಿತ್ತು. ಅವರು ನಮ್ಮ ಕಡೆ ನೋಡಲಿಲ್ಲ. ಆಮೇಲೆ ಮನೆಯಲ್ಲಿ ಇವತ್ತು ಸಾರು ಏನು ಮಾಡುವುದು ಎಂದು ಮಾತಾಡುವ ದನಿಯಲ್ಲಿ, ಹೆಗಲ ಮೇಲಿದ್ದ ಅವಳಿಗೆ ಹೇಳಿದರು. "ಆಯ್ತು ಕಣೇ. ಮನಸಿಲ್ದಿದ್ರೆ ಬ್ಯಾಡ. ಇಲ್ಲೇ ಇರು."

ಜೀಪು ಹಿಂದಕ್ಕೆ ಸರಿಯಿತು.

ಇದಕ್ಕಿಂತ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಕೆಸರು ಬಿಡಿಸಿಕೊಳ್ಳುವಾಗ ಬರುವ ಸದ್ದು ಕೂಡ ಬರಲಿಲ್ಲ. ನಾವು ಇಳಿದು ಬಂದಿದ್ದ ಏರಿನ ಕಡೆಗೆ, ನಮ್ಮೂರ ಕಡೆಗೆ, ಮನುಷ್ಯ ನಡೆಯುವಷ್ಟು ನಿಧಾನವಾಗಿ ಹತ್ತಿ ಹೋಗಿ ಗಟ್ಟಿ ನೆಲದ ಮೇಲೆ ನಿಂತಿತು. ಮುಂದುಗಡೆಯ ಬೆಲ್ಟು ಸಡಿಲವಾಗಿ ಅದರ ಜೊತೆಗೇ ಎಳೆದುಕೊಂಡು ಹೋಗುತ್ತಿತ್ತು. ಅದರ ಮೇಲಿದ್ದ ಗೋಣಿಚೀಲ ಜಾರಿ ಕೆಸರಲ್ಲಿ ಬಿತ್ತು. ಜೀಪನ್ನು ಯಾರೂ ಮುಟ್ಟಿರಲಿಲ್ಲ. ಹೊರಲು ಬಂದವರು ಇನ್ನೂ ನಾಲ್ಕು ಮಾರು ಈಚೆಗೆ ಇದ್ದರು. ಚನ್ನಿಗಪ್ಪ ನನ್ನನ್ನೇ ನೋಡುತ್ತಿದ್ದ. ಅವನು ಕೇಳದಿದ್ದರೂ ನಾನು ಜೇಬಿನಿಂದ ಕೀ ತೆಗೆದು ತೋರಿಸಿದೆ.

ಆಮೇಲೆ ಅವಳನ್ನು ಮುಂದಕ್ಕೆ ಒಯ್ಯೋಣ ಎಂದು ಯಾರೂ ಬಾಯಿ ಬಿಡಲಿಲ್ಲ. ಶಾಸ್ತ್ರ ಮಾಡಿಸಲು ಆಚೆ ದಡದಲ್ಲಿ ಕಾಯುತ್ತಿದ್ದ ಅಯ್ನೋರು ಕೆರೆ ದಾಟಿ ನಡೆದು ಬಂದರು. ನಮ್ಮ ತೋಟದಲ್ಲಿ, ಅಪ್ಪ ಅವ್ವನ ಪಕ್ಕದಲ್ಲಿ ಬೇರೆ ಗುಂಡಿ ತೆಗೆದರು. ಬೆಳಕಿರುವಾಗಲೇ ಎಲ್ಲ ಮುಗಿಯಿತು. ಭಾವ ಹೇಳಿದ್ದನ್ನೆಲ್ಲ ಮಾಡಿದರು. ವಿಭೂತಿ ಹಾಕು ಎಂದರೆ ಹಾಕಿದರು, ಪತ್ರೆ ಹಾಕು ಎಂದರೆ ಹಾಕಿದರು. ತೆಗೆದ ಗುಂಡಿಯನ್ನು ಬರಿದೇ ಮುಚ್ಚಬಾರದು ಎಂದು ಯಾರೋ ಹೇಳಿದ್ದಕ್ಕೆ, ಮಾರನೆಯ ದಿನ ತಮ್ಮ ತೋಟದ ಆ ಗುಂಡಿಯಲ್ಲಿ ಒಂದು ತೆಂಗಿನ ಸಸಿ ನೆಟ್ಟರಂತೆ.

ನಾನು ಸುಮ್ಮನೆ ಕೂರಲಿಲ್ಲ. ಮರುದಿನವೇ ಕೆರೆಗೆ ಹೋಗಿ ರಸಮಟ್ಟ ಇಟ್ಟು ನೋಡಿದೆ. ಇಳಿಜಾರು ಮುಂದಕ್ಕೇ ಇತ್ತು. ಬೆಲ್ಟು ಎಳೆತಕ್ಕೆ ಹಿಗ್ಗಿ, ಬಿಟ್ಟಾಗ ಸೆಳೆದಿರಬಹುದೇ ಎಂದರೆ, ಅದು ಸೆಳೆಯುವುದೂ ಮುಂದಕ್ಕೇ. ಮಟ್ಟೆ ನೀರು ಕುಡಿದು ಉಬ್ಬಿ ಚಕ್ರವನ್ನು ಎತ್ತಿರಬಹುದು ಎಂದ ಒಬ್ಬ ಗೆಳೆಯ. ಎತ್ತಿರಬಹುದು, ಆದರೆ ಏರು ಹತ್ತಿಸಿದ್ದು ಯಾವುದು? ಗುಡ್ಡ ಬೆಟ್ಟಕ್ಕೆ ಗಾಡಿ ಹತ್ತಿಸುವ ಹವ್ಯಾಸದವರನ್ನೂ ಕೇಳಿದೆ. ನಾನು ಹಿಂದೆ ಬೇರೆಯವರನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೇ ಅವರು ನನಗೆ ಕೇಳಿದರು.

ಊರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ತವರಿನ ಮೇಲೆ ಗೌರಮ್ಮನಿಗೆ ಎಂಥ ಪ್ರೀತಿ ನೋಡಿ ಎಂದು ಹೆಂಗಸರು ಕಣ್ಣು ಒರೆಸಿಕೊಂಡರು. ಮಾಯಸಂದ್ರದ ಕಡೆಯಿಂದಲೂ ಜನ ಬಂದು ಅವಳ ಗದ್ದಿಗೆಗೆ ಹೂವಿಟ್ಟು ಹೋದರು. ತಿಥಿಯ ದಿನ ಊಟದ ಪಂಕ್ತಿಯಲ್ಲಿ ಅದೇ ಕಥೆ ನಡೆಯಿತು, ಭಾವ ಅದೇ ಪಂಕ್ತಿಯಲ್ಲಿ ಕೂತಿದ್ದರು. ಹೇಳುವವರಿಗೆ ಅದು ಪವಾಡ. ಇಷ್ಟು ವರ್ಷ ಬಾಳಿದ ಹೆಂಡತಿ ಕೊನೆಗೆ ತನ್ನ ಮನೆಗೆ ಬರಲು ಒಲ್ಲೆ ಎಂದಳು ಎನ್ನುವ ಮಾತು ಅದರೊಳಗೇ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ಭಾವ ಅನ್ನವನ್ನು ಕಲಸುತ್ತಲೇ ಇದ್ದರು, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಭಾವ ಸೋಮವಾರದ ದಿನ ಬಂದು ಗದ್ದಿಗೆಯ ಮುಂದೆ ಕೂತು ಹೋಗುತ್ತಾರೆ. ಹೋದ ವರ್ಷ ಒಂದು ಸೋಮವಾರ ನಾನು ಪಕ್ಕದ ಮರಗಳಿಗೆ ನೀರು ಬಿಡುತ್ತಿದ್ದಾಗ, ಹತ್ತಿರ ಕರೆದು ಕೂರಿಸಿಕೊಂಡರು.

"ನಿಜ ಹೇಳಪ್ಪ. ಅವತ್ತು ನೀನೇ ಏನೋ ಮಾಡ್ದೆ ಅಲ್ವಾ? ಅಕ್ಕ ಇಲ್ಲೇ ಇರ್ಲಿ ಅಂತ? ನಂಗೇನೂ ಬ್ಯಾಸರ ಇಲ್ಲ ಕಣಪ್ಪ. ಹೇಳು."

ಅವರ ಮುಖದಲ್ಲಿದ್ದ ಆಸೆಯನ್ನು ನೋಡಿದೆ. ನಾನು ಹೂಂ ಎಂದುಬಿಟ್ಟರೆ ಅವರ ಹೆಂಡತಿ ಅವರಿಗೆ ವಾಪಸು ಸಿಗುತ್ತಾಳೆ. ಗಾಡಿಯ ವಿಷಯದಲ್ಲಿ ನಾನು ಎಂದೂ ಸುಳ್ಳು ಹೇಳಿದವನಲ್ಲ. ಅವತ್ತು ಹೇಳಿದೆ.

"ಹೂಂ ಭಾವ. ಇಂಜಿನ್ ಆಫ್ ಮಾಡಿರ್ಲಿಲ್ಲ. ರಿವರ್ಸ್ ಗೇರ್‌ಗೆ ಹಾಕಿ ಇಳಿದಿದ್ದೆ. ಕ್ಷಮಿಸ್ಬುಡಿ."

ಅವರು ಗದ್ದಿಗೆಯ ಮೇಲಿನ ಹೂವು ಸರಿ ಮಾಡಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಇಂಜಿನ್ ಆನಾಗಿದ್ದಾಗೆಲ್ಲ ಅವಳ ತಲೆ ನನ್ ಹೆಗಲ ಮೇಲೆ ಗಡಗಡ ಅಂತ ಅದುರ್ತಿತ್ತು ಕಣಪ್ಪ. ಒಂದ್ ಕೈಲಿ ಹಿಡ್ಕಂಡೇ ಕುಂತಿದ್ದೆ. ಹಿಂದಕ್ಕೆ ಹೋಗುವಾಗ ಅದುರ್ಲಿಲ್ಲ. ನಿದ್ದೆ ಮಾಡ್ತಾ ಇದ್ದಂಗಿದ್ಲು."

ಇಷ್ಟು ಹೇಳಿ ಎದ್ದು, ಮೊಪೆಡ್ ಹತ್ತಿ ಹೋದರು. ಮುಂದಿನ ಸೋಮವಾರವೂ ಬಂದರು, ಆ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಿಲ್ಲ. ಆ ಜೀಪು ಯಾಕೆ ಹಿಂದಕ್ಕೆ ಸರಿಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ ದಿನ ಮೊದಲು ಓಡಿ ಹೋಗಿ ಹೇಳಬೇಕಾಗಿರುವುದು ಭಾವನಿಗೆ.