ಸದ್ದಿಲ್ಲದ ಸುತ್ತು

ಯಾರಾದರೂ ‘ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ’ ಎಂದು ವಿಚಿತ್ರದ ಕಥೆ ಹೇಳಲು ಕೂತರೆ, ‘ಅಳತೆ ಮಾಡಿದ್ದೀಯಾ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಮೂಡುಬಿದಿರೆ ಕಡೆಯ ನಮ್ಮ ಮನೆಯಲ್ಲಿ ಅಂಥ ಕಥೆಗಳಿಗೇನೂ ಬರವಿರಲಿಲ್ಲ. ಅಜ್ಜಿಯ ಪ್ರತಿ ಕಥೆಗೂ ಒಂದು ಅಡ್ಡಪ್ರಶ್ನೆ ಹಾಕಿ ಬೈಸಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಮುಂದೆ ಸಿಕ್ಕ ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ. ಜರ್ಮನಿಯ ಅಬ್‌ಸ್ಟಾಟ್ ಹತ್ತಿರ ಕಾರುಗಳ ಬ್ರೇಕ್ ಪರೀಕ್ಷಿಸುತ್ತೇನೆ. ಬ್ರೇಕ್ ಒತ್ತಿದ ಮೇಲೆ ಕಾರು ಎಷ್ಟು ಹೊತ್ತಿಗೆ, ಎಷ್ಟು ದೂರಕ್ಕೆ ನಿಂತಿತು ಎಂದು ಅಳೆದು, ವರದಿ ಬರೆದು, ಕೆಳಗೆ ಸಹಿ ಹಾಕುತ್ತೇನೆ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಇನ್ನೊಂದು ಮಾತು. ಇದು ನಡೆದದ್ದು ರಾತ್ರಿಯಲ್ಲ. ಕೆಲವು ವರ್ಷಗಳ ಹಿಂದಿನ ಅಕ್ಟೋಬರ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ. ದೆವ್ವಗಳಿಗೆ ಹೇಳಿಮಾಡಿಸಿದ ಹೊತ್ತು ಅದು ಖಂಡಿತ ಅಲ್ಲ.

ಆಗ ನಾವು ಬಾಡಿಗೆಗಿದ್ದ ಮನೆಯ ಮಾಲೀಕರ ಹೆಸರು ಹೆಲ್ಮುಟ್. ಎಂಬತ್ತರ ಹತ್ತಿರದ ವಯಸ್ಸು, ಹೆಂಡತಿ ಇಲ್ಲ. ಕೆಳಗಿನ ಮನೆಯಲ್ಲಿ ಅವರು, ಮೇಲೆ ನಾವು. ಒಮ್ಮೆ ಅವರ ಕೆಲ್ಲರ್‌ನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ನಮ್ಮ ಖಾಲಿ ಪೆಟ್ಟಿಗೆಗಳನ್ನು ಇಡಲು ಹೋದಾಗ ಗೋಡೆ ತುಂಬ ಹಳೆಯ ಫೋಟೋಗಳನ್ನು ಕಂಡೆ. ಜಜ್ಜಿಹೋದ ಕಾರುಗಳು, ಮಣ್ಣು ಮೆತ್ತಿದ ಮುಖಗಳು. ಊರ ಹೊರಗೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಮಣ್ಣು ತೆಗೆದ ಗುಂಡಿಯಲ್ಲಿ ಹಿಂದೆ ಸ್ಟಾಕ್ ಕಾರ್ ರೇಸ್ ನಡೆಯುತ್ತಿತ್ತಂತೆ. ಗುಜರಿಗೆ ಹೋಗಬೇಕಾದ ಕಾರಿನ ಗಾಜು, ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪು ಬೆಸೆದು, ನಾನೂರು ಮೀಟರಿನ ಮೊಟ್ಟೆಯಾಕಾರದ ಹಾದಿಯಲ್ಲಿ ಸುತ್ತಿಸುವುದು. ಓಡಿಸುತ್ತಿದ್ದವರು ಪ್ಲಂಬರು, ಕಸಾಯಿ, ಟ್ರ್ಯಾಕ್ಟರ್ ರಿಪೇರಿಯವರು. ಪಕ್ಕದ ಜಿಲ್ಲೆಯಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ, ಈ ಊರಿನಲ್ಲಿ ಮಾತ್ರ ಅವರು ರಾಜರು.

ನನಗೆ ಇದು ಹೊಸದೆನಿಸಲಿಲ್ಲ. ನಮ್ಮಲ್ಲಿಯೂ ಸತ್ತು ಇಪ್ಪತ್ತು ವರ್ಷವಾದ ಕಂಬಳದ ಕೋಣಗಳ ಹೆಸರನ್ನು, ಓಡಿದ ಸೆಕೆಂಡುಗಳ ಸಮೇತ, ಮೊಮ್ಮಕ್ಕಳ ಹೆಸರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡವರು ಇದ್ದಾರೆ. ನನ್ನ ಸೋದರಮಾವನೇ ಒಬ್ಬ.

ಹೆಲ್ಮುಟ್ ಅಲ್ಲಿ ಸಮಯ ನೋಡುವವರಾಗಿದ್ದರು. ಅವರ ಜೀವದ ಗೆಳೆಯ ರೋಲ್ಫ್, ಮಾಡಿಗೆ ಹಂಚು ಹೊದಿಸುವ ಕೆಲಸದವನು, ಹಳದಿ ಕಾರಿನವನು. ಅಲ್ಲಿ ಯಾರೂ ಒಂದು ಸುತ್ತನ್ನು ಇಪ್ಪತ್ತು ಸೆಕೆಂಡಿನೊಳಗೆ ಮುಗಿಸಿರಲಿಲ್ಲ. ಕೊನೆಯ ವರ್ಷದ ಕೊನೆಯ ಪಂದ್ಯದಲ್ಲಿ ರೋಲ್ಫ್ ಮುಗಿಸಿದ. ಹೆಲ್ಮುಟ್ ಅವರ ಸ್ಟಾಪ್‌ವಾಚಿನಲ್ಲಿ ಹತ್ತೊಂಬತ್ತು ಪಾಯಿಂಟ್ ನಾಲ್ಕು. ಆದರೆ ದಾಖಲೆಯಾಗಬೇಕಾದರೆ ಇಬ್ಬರ ವಾಚೂ ಒಂದೇ ಹೇಳಬೇಕೆಂಬ ನಿಯಮ. ಎರಡನೆಯ ವಾಚು ಹಿಡಿದಿದ್ದ ಡೀಟರ್ ಎಂಬವರು ‘ನಾನು ಒತ್ತಲು ಮರೆತೆ’ ಎಂದುಬಿಟ್ಟರು. ಗೆಳೆಯನಿಗಾಗಿ ಹೆಲ್ಮುಟ್ ಸುಳ್ಳು ಬರೆದರೆಂದು ಊರು ಆಡಿಕೊಂಡಿತು. ದಾಖಲೆ ಬರೆಯುವ ಹಲಗೆಯ ಮೇಲೆ ಹಳೆಯದೇ ಉಳಿಯಿತು. ರೋಲ್ಫ್ ಕಾಯಿಲೆಯಿಂದ ತೀರಿಕೊಂಡ, ಗದ್ದಲದ ದೂರು ಹೆಚ್ಚಾಗಿ ಪಂದ್ಯಗಳೂ ನಿಂತವು, ಹೆಲ್ಮುಟ್ ಅವರ ಮೇಲಿನ ಮಾತು ಮಾತ್ರ ನಿಲ್ಲಲಿಲ್ಲ.

ಹಳೆಯ ಅಭಿಮಾನಿಗಳು ವರ್ಷಕ್ಕೊಮ್ಮೆ ಆ ಗುಂಡಿಯ ಬೇಲಿಯ ಬಳಿ ಸೇರಿ ‘ಸದ್ದಿಲ್ಲದ ಸುತ್ತು’ ನಡೆಸುತ್ತಾರೆ. ಎಲ್ಲರ ಕೈಯಲ್ಲೂ ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚು. ಒಂದು ಸೀಟಿ. ಎಲ್ಲರೂ ವಾಚು ಒತ್ತಿ ಕಣ್ಣು ಮುಚ್ಚುತ್ತಾರೆ. ಆ ವರ್ಷ ನೆನೆಯಬೇಕಾದ ರೇಸರ್ ಮನಸ್ಸಿನಲ್ಲೇ ಒಂದು ಸುತ್ತು ಬಂದು ತಮ್ಮ ಮುಂದೆ ಹಾಯುವ ತನಕ ಕೇಳಿಸಿಕೊಂಡು ವಾಚು ನಿಲ್ಲಿಸುತ್ತಾರೆ. ಅವನ ದಾಖಲೆಗೆ ಹತ್ತಿರ ಬಂದವರಿಗೆ ಒಂದು ಪ್ಲಮ್ ಕೇಕ್. ಆ ವರ್ಷ ರೋಲ್ಫ್‌ನ ಸರದಿ. ಹಿಂದಿನ ಅವನ ಎಲ್ಲ ಸರದಿಯಲ್ಲೂ ಹೆಲ್ಮುಟ್ ಮೊಂಡುತನದಿಂದ ಹತ್ತೊಂಬತ್ತು ಪಾಯಿಂಟ್ ನಾಲ್ಕರ ಸುತ್ತಮುತ್ತ ನಿಲ್ಲಿಸುತ್ತಿದ್ದರು, ಉಳಿದವರು ಇಪ್ಪತ್ತು ದಾಟಿಸಿ ನಗುತ್ತಿದ್ದರು.

ಆದರೆ ಆ ಸಲ ಹೆಲ್ಮುಟ್ ಆಸ್ಪತ್ರೆಯಲ್ಲಿದ್ದರು. ಸೋಮವಾರ ಬೆಳಗ್ಗೆ ಹೃದಯದ ಶಸ್ತ್ರಚಿಕಿತ್ಸೆ. ಶನಿವಾರ ನಾನು ಅವರ ಚಪ್ಪಲಿ, ಕನ್ನಡಕ ಕೊಡಲು ಹೋದಾಗ ದಿಂಬಿನ ಕೆಳಗಿನಿಂದ ವಾಚು ತೆಗೆದು ನನ್ನ ಕೈಯಲ್ಲಿಟ್ಟರು.

“ಇಂಜಿನಿಯರ್, ನಾಳೆ ನನ್ನ ಬದಲು ನೀವು ನಿಲ್ಲಿ. ನನ್ನನ್ನು ಖುಷಿಪಡಿಸಲು ಹತ್ತೊಂಬತ್ತು ಪಾಯಿಂಟ್ ನಾಲ್ಕಕ್ಕೆ ನಿಲ್ಲಿಸಬೇಡಿ. ಸುಳ್ಳುಗಾರ ಎಂಬ ಹೆಸರು ಒಂದು ಸಲಕ್ಕೇ ಸಾಕಾಗಿದೆ. ಆ ಹೆಸರು ಹೊತ್ತುಕೊಂಡೇ ಹೋಗಬೇಕಲ್ಲ ಎಂಬುದೊಂದೇ ಸಂಕಟ.”

ರೋಲ್ಫ್ ಹೇಗೆ ಓಡಿಸುತ್ತಿದ್ದ ಎಂದು ಕೇಳಿದೆ. “ಹೇಳಿದರೆ ನಿಮ್ಮ ಕಿವಿ ಕೆಡುತ್ತದೆ,” ಎಂದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಭಾನುವಾರ ಶೂ ಹಾಕಿಕೊಳ್ಳುತ್ತಿದ್ದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. “ಎಂತ ಮಾರಾಯ್ರೆ, ವಾರವಿಡೀ ಇದ್ದ ಕಾರಿಗೆ ಟೈಮ್ ನೋಡಿ ಸಾಕಾಗ್ಲಿಲ್ವಾ? ಈಗ ಇಲ್ಲದ ಕಾರಿಗೂ ನೋಡ್ಲಿಕ್ಕೆ ಹೊರಟದ್ದಾ?”

“ಮುದುಕರು ಕೇಳಿದ್ದಾರೆ. ಇಲ್ಲ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ,” ಎಂದೆ.

ಬೇಲಿಯ ಬಳಿ ನನ್ನನ್ನು ಸೇರಿಸಿ ಹನ್ನೊಂದು ಜನ. ಗುಂಡಿಯೊಳಗೆ ಮೊಣಕಾಲುದ್ದ ಹುಲ್ಲು. ಅಲ್ಲಲ್ಲಿ ಇಣುಕುತ್ತಿದ್ದ ಕೆಂಪು ಮಣ್ಣು ನಮ್ಮೂರ ಕಡೆಯ ಹಂಚಿನ ಕಾರ್ಖಾನೆಗಳ ಮಣ್ಣಿನದೇ ಬಣ್ಣ. ಗೇಟಿಗೆ ತುಕ್ಕು ಹಿಡಿದ ಸರಪಳಿ. ಅಲ್ಲಿ ಕಾರಿರಲಿ, ಸೈಕಲ್ ಕೂಡ ಓಡುವಂತಿರಲಿಲ್ಲ. ಡೀಟರ್ ಎತ್ತರದ, ನೆಟ್ಟಗಿನ ಮುದುಕ. ನಾನು ಯಾರ ಬದಲು ಬಂದಿದ್ದೇನೆಂದು ತಿಳಿದಾಗ ತಲೆಯಾಡಿಸಿದರು, ಕೈಕುಲುಕಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೀಟಿ ಊದಿದರು.

ನಾನು ವಾಚು ಒತ್ತಿ ಕಣ್ಣು ಮುಚ್ಚಿದೆ. ನಿಜ ಹೇಳುತ್ತೇನೆ, ನನಗೆ ಕಂಡದ್ದು ಕಾರಲ್ಲ. ಕಂಬಳದ ಕೆಸರುಗದ್ದೆ, ಎರಡು ಕೋಣ, ಹಿಂದೆ ಓಡುವವನು, ಗದ್ದೆಯ ಅಂಚಿನಲ್ಲಿ ಬೊಬ್ಬೆ ಹೊಡೆಯುವ ಮಾವ. ಜರ್ಮನಿಯ ರೇಸರ್‌ಗೆ ಮೂಡುಬಿದಿರೆಯ ಕೋಣ ಬದಲಿ ಬಂತಲ್ಲ ಎಂದು ನನಗೇ ನಗು ಬಂತು. ಅಷ್ಟರಲ್ಲಿ ಎಡಗಡೆಯಿಂದ ಸದ್ದು ಕೇಳಿಸಿತು.

ನನ್ನ ದಿನವೆಲ್ಲ ಕಳೆಯುವುದು ಇಂಜಿನ್ನುಗಳ ಸದ್ದಿನಲ್ಲಿ. ದೂರದ ಹೆದ್ದಾರಿಯ ಸದ್ದು ಯಾವುದು, ಹತ್ತಿರದ ಕಾರಿನದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇದು ಸೈಲೆನ್ಸರ್ ಇಲ್ಲದ, ಒರಟಾದ, ಹಳೆಯ ಸದ್ದು. ಮೊದಲ ತಿರುವಿನಲ್ಲಿ ಸ್ವಲ್ಪವೂ ತಗ್ಗದೆ ಹೋಯಿತು. ಗುಂಡಿಯ ಆಚೆ ಬದಿಗೆ ಹೋಗಿ ತೆಳುವಾಯಿತು. ಎರಡನೇ ತಿರುವಿನಲ್ಲಿ, ಯಾರೋ ಉಸಿರು ಹಿಡಿದ ಹಾಗೆ, ಒಂದು ಕ್ಷಣ ತಟ್ಟನೆ ಕಡಿಮೆಯಾಗಿ ಮತ್ತೆ ಏರಿತು. ನೇರ ನನ್ನ ಮುಂದೆ ಹಾದಾಗ ನನ್ನ ಬೆರಳು ತಾನೇ ಒತ್ತಿತು. ಕಣ್ಣು ಬಿಟ್ಟರೆ ಹುಲ್ಲು ಅಲುಗದೆ ನಿಂತಿತ್ತು. ಧೂಳಿಲ್ಲ, ಗಾಳಿಯೂ ಇಲ್ಲ. ಮೈ ಬೆವರಿತ್ತು, ಹೆದರಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಎಲ್ಲರ ವಾಚನ್ನೂ ಓದುವುದು ಡೀಟರ್ ಅವರ ಕೆಲಸ. ಮೊದಲು ನನ್ನದು. “ಹತ್ತೊಂಬತ್ತು ಪಾಯಿಂಟ್ ನಾಲ್ಕು,” ಎಂದು ಗಟ್ಟಿಯಾಗಿ ಓದಿ ತುಟಿ ಓರೆ ಮಾಡಿದರು. “ಹೆಲ್ಮುಟ್ ಚೆನ್ನಾಗಿ ಪಾಠ ಮಾಡಿ ಕಳಿಸಿದ್ದಾನೆ.” ಎರಡು ಮೂರು ಜನ ನಕ್ಕರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಆ ಸಂಖ್ಯೆ ನನಗೆ ಮೊದಲೇ ಗೊತ್ತಿತ್ತು ನಿಜ. ಮನಸ್ಸೇ ಆಟ ಹೂಡಿರಬಹುದು ಎಂದು ನಾನೂ ಅಂದುಕೊಂಡೆ.

ನನ್ನ ಪಕ್ಕ ನಿಂತಿದ್ದವರು ಊರಿನ ಬೇಕರಿಯ ಮುದುಕಿ. ಅವರ ವಾಚು ನೋಡಿದ ಡೀಟರ್ ಓದಲಿಲ್ಲ. ಮುದುಕಿಯೇ ಓದಿದರು, “ಹತ್ತೊಂಬತ್ತು ನಾಲ್ಕು.” ಆಮೇಲೆ ಮೂರನೆಯವರು. ನಾಲ್ಕನೆಯವರು. ನಗುತ್ತಿದ್ದವರು ತಮ್ಮ ತಮ್ಮ ಅಂಗೈಯಲ್ಲಿದ್ದ ವಾಚು ನೋಡಿಕೊಂಡರು. ಹತ್ತೂ ವಾಚಿನಲ್ಲಿ ಮುಳ್ಳು ಒಂದೇ ಗೆರೆಯ ಮೇಲಿತ್ತು. ವರ್ಷಗಟ್ಟಲೆ ಹೆಲ್ಮುಟ್ ಅವರನ್ನು ಗೇಲಿ ಮಾಡಿದ ಕೈಗಳು ಅವು.

“ನಿಮಗೂ ಸದ್ದು ಕೇಳಿಸಿತೇ?” ಎಂದು ಬೇಕರಿಯವರನ್ನು ಮೆಲ್ಲಗೆ ಕೇಳಿದೆ.

“ಪ್ರತಿ ಸಲವೂ ಕೇಳಿಸುತ್ತದಪ್ಪ,” ಎಂದರು. “ಈ ಸಲ ಸ್ವಲ್ಪ ಬೇಗ ಬಂದ.”

ಹನ್ನೊಂದನೆಯ ವಾಚು ಡೀಟರ್ ಅವರ ಮುಷ್ಟಿಯಲ್ಲಿತ್ತು. ಅವರು ಅದನ್ನು ತೆರೆದು ನೋಡಿ, ಯಾರಿಗೂ ತೋರಿಸದೆ, ಬೇಲಿಯ ಪಕ್ಕದ ಮರದ ಶೆಡ್ಡಿಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ಅಲ್ಲಿನ ಕಪ್ಪು ಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ ಡೀಟರ್ ಅವರ ತಮ್ಮನ ಹೆಸರಿತ್ತು, ಇಪ್ಪತ್ತು ಪಾಯಿಂಟ್ ಒಂದು. ಆ ತಮ್ಮನೂ ತೀರಿಹೋಗಿ ಬಹಳ ಕಾಲವಾಗಿತ್ತು. ಡೀಟರ್ ಅದನ್ನು ಅಳಿಸಲಿಲ್ಲ. ಅದರ ಮೇಲೆ ಸೀಮೆಸುಣ್ಣದಿಂದ ರೋಲ್ಫ್‌ನ ಹೆಸರು ಬರೆದು 19.4 ಎಂದು ಬರೆದರು.

“ಅವತ್ತು ನಾನೂ ಒತ್ತಿದ್ದೆ,” ಎಂದರು ಹಲಗೆಯ ಕಡೆಗೇ ನೋಡುತ್ತ. “ಇದೇ ಇತ್ತು. ತಮ್ಮನ ಹೆಸರು ಕೆಳಗಿಳಿಯುವುದು ನನ್ನಿಂದ ನೋಡಲಾಗಲಿಲ್ಲ.”

ಯಾರೂ ಬೈಯಲಿಲ್ಲ. ಕೇಕ್ ಯಾರಿಗೆಂದು ನಿರ್ಧರಿಸುವಂತಿರಲಿಲ್ಲ, ಹನ್ನೊಂದು ತುಂಡು ಮಾಡಿ ತಿಂದೆವು.

ನಾನು ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ವಾಚುಗಳ ವಿಷಯ, ಡೀಟರ್ ಹೇಳಿದ್ದು, ಹಲಗೆಯಲ್ಲಿ ಬರೆದದ್ದು, ಎಲ್ಲ ಹೇಳಿದೆ. ನಾನು ಕೇಳಿದ ಸದ್ದಿನ ಬಗ್ಗೆ ಮಾತ್ರ ಹೇಳಲಿಲ್ಲ, ನಾಳೆ ಆಪರೇಷನ್ ಇರುವವರಿಗೆ ಅದೇಕೆ ಎಂದು. ಹೆಲ್ಮುಟ್ ಅಳುತ್ತಿದ್ದುದು ಕೇಳಿಸಿತು. ಸುಧಾರಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು.

“ಎರಡನೇ ತಿರುವಿನಲ್ಲಿ ಎಕ್ಸಲರೇಟರ್‌ನಿಂದ ಕಾಲು ತೆಗೆದನೇ? ಒಂದೇ ಒಂದು ಸಲ?”

ನಾನು ಹೌದೆಂದೆ.

“ಹಾಗಾದರೆ ಅವನೇ. ಬೇರೆಯವರೆಲ್ಲ ಎರಡೂ ತಿರುವಿನಲ್ಲಿ ತೆಗೆಯುತ್ತಿದ್ದರು.”

ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು. ಆಮೇಲೆ ಎರಡು ವರ್ಷ ಅವರು ಅದೇ ಮನೆಯಲ್ಲಿ, ಊರ ಬೀದಿಯಲ್ಲಿ ತಲೆಯೆತ್ತಿ ನಡೆದು ಬದುಕಿದರು. ವಾಚು ನನಗೇ ಉಳಿಯಿತು.

ನಾನು ಸುಮ್ಮನಿರುವ ಜಾತಿಯವನಲ್ಲ. ಆ ವಾಚನ್ನು ಲ್ಯಾಬಿನಲ್ಲಿ ಪರೀಕ್ಷಿಸಿದೆ, ಒಂದಿಷ್ಟೂ ದೋಷವಿಲ್ಲ. ಹೆಲ್ಮುಟ್ ಅವರ ಮೇಲಿನ ಕನಿಕರಕ್ಕೆ ಎಲ್ಲರೂ ಒಳಗೊಳಗೇ ಮಾತಾಡಿಕೊಂಡಿದ್ದರೇ ಎಂದೂ ಯೋಚಿಸಿದೆ. ಆದರೆ ಮಾತಾಡಿಕೊಂಡರೂ ಹಾಗೆ ಮಾಡಲಾಗದು. ಬೇಕಾದರೆ ನೀವೇ ಕಣ್ಣು ಮುಚ್ಚಿ ಹತ್ತೊಂಬತ್ತು ಪಾಯಿಂಟ್ ನಾಲ್ಕಕ್ಕೆ ನಿಲ್ಲಿಸಿ ನೋಡಿ. ನಾನು ನೂರಾರು ಸಲ ನೋಡಿದ್ದೇನೆ, ಹತ್ತಿರ ಹೋದದ್ದುಂಟು, ಹತ್ತು ಜನ ಒಟ್ಟಿಗೆ ಹೋಗುವುದು ಆಗದ ಮಾತು.

“ಹಾಗಾದ್ರೆ ಈಗ ಇಂಥದ್ದನ್ನೆಲ್ಲ ನಂಬ್ತೀರಾ?” ಎಂದು ಹೆಂಡತಿ ಆಗಾಗ ಕೆಣಕುತ್ತಾಳೆ.

“ನಂಬುದು ಬಿಡುದು ಬೇರೆ ಮಾರಾಯ್ತಿ,” ಎನ್ನುತ್ತೇನೆ. “ಅಳತೆ ಉಂಟಲ್ಲ.”

ಆ ಅಳತೆ ಸರಿಯಿದೆ. ಯಾರು ಕೇಳಿದರೂ ಅದರ ಕೆಳಗೆ ಸಹಿ ಹಾಕಿಕೊಡುತ್ತೇನೆ. ಆದರೆ ನಮ್ಮ ವರದಿಯ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೊಂದು ಜಾಗವಿದೆ, ಅಳೆದ ವಾಹನ ಯಾವುದು ಎಂದು ಬರೆಯಲು. ಅಲ್ಲಿ ಏನು ಬರೆಯಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.