ಹೊಸ ವಿಶ್ವವಿದ್ಯಾನಿಲಯಕ್ಕೆ ಧಣಿಗಳ ಉತ್ತರ

ಅರವತ್ತರ ದಶಕದಲ್ಲಿ ಘಟ್ಟದ ಮೇಲೆ ಹೊಸದೊಂದು ವಿಶ್ವವಿದ್ಯಾನಿಲಯ ಹುಟ್ಟಿದಾಗ, ಅದರ ಉದ್ಘಾಟನೆಗೆ ಅಳದಂಗಡಿಯ ಕಡೆಯವರಲ್ಲಿ ಕರೆ ಬಂದದ್ದು ಒಬ್ಬರಿಗೇ. ಅವರು ನಮ್ಮ ಶಾಲೆಯ ಪಕ್ಕದ ಜೈನ ಮನೆತನದ ಧಣಿಗಳು, ಮದರಾಸು ಸರಕಾರದ ಕಾಲದಲ್ಲಿ ಜಿಲ್ಲಾ ಬೋರ್ಡಿನ ಸದಸ್ಯರಾಗಿದ್ದವರು. ಇಂಗ್ಲಿಷ್ ಬಲ್ಲ ಮಾಸ್ಟ್ರೆಂಬ ಅಪವಾದ ನನ್ನ ಮೇಲಿದ್ದುದರಿಂದ ಉತ್ತರ ಬರೆಯಲು ನನಗೆ ಬುಲಾವು ಬಂತು.

ಕರೆಯೋಲೆಯ ಜೊತೆಗೆ ಉತ್ತರದ ಕಾರ್ಡೂ ಇತ್ತು. ಬರುತ್ತೇನೆ, ಬರುವುದಿಲ್ಲ, ಪ್ರತಿನಿಧಿಯನ್ನು ಕಳುಹಿಸುತ್ತೇನೆ. ಬೇಡದ್ದನ್ನು ಹೊಡೆದುಹಾಕಬೇಕು. ಮೂರನೆಯ ಸಾಲು ಓದುವಾಗ ನನ್ನ ಸ್ವರ ಸ್ವಲ್ಪ ಏರಿತು. ಎಸ್ಸೆಸ್ಸೆಲ್ಸಿ ಮುಗಿಸಿ ಟ್ರೈನಿಂಗ್ ಶಾಲೆ ಹೊಕ್ಕವನು ನಾನು. ವಿಶ್ವವಿದ್ಯಾನಿಲಯವೆಂಬುದನ್ನು ಕಂಡವನೇ ಅಲ್ಲ. ನಿಲುವಂಗಿ ತೊಟ್ಟ ಪಂಡಿತರು ಸಾಲಾಗಿ ನಡೆದು ಬರುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಯಾರಿಗೂ ಹೇಳದ ಆಸೆಯಾಗಿತ್ತು.

“ನಿಮಗೆ ಹೋಗ್ಲಿಕ್ಕೆ ಆಗ್ತದೋ ಧಣಿಗಳೇ?”

“ಎಲ್ಲಿಂದ ಮಾರಾಯ್ರೆ! ಈ ಮೊಣಗಂಟು ಹಿಡ್ಕೊಂಡು ಅಂಗಳ ದಾಟುವುದೇ ಕಷ್ಟ.”

“ಹಾಗಾದ್ರೆ ಬರುವುದಿಲ್ಲ ಅಂತ...”

“ಛೆ ಛೆ! ಶುಭಕಾರ್ಯಕ್ಕೆ ಕರೆದವರಿಗೆ ಇಲ್ಲ ಅನ್ನುವುದುಂಟೋ? ಬರ್ತೇವೆ ಅನ್ನುವುದು. ಹೋಗುವುದು ಬಿಡುವುದು ಆಮೇಲಿನ ಮಾತು.”

ಅದು ಊರ ಪದ್ಧತಿಯೇ. ಬಂಟ್ವಾಳದಿಂದ ಮೂಡಬಿದಿರೆಯ ತನಕ, ಮದುವೆಗೆ ಹೇಳಲು ಬಂದವರಿಗೆ ಬರುವುದಿಲ್ಲ ಎಂದ ಮನೆಯನ್ನು ನಾನರಿಯೆ. ಕರೆದವರೂ ಆ ಮಾತನ್ನೇ ನಂಬಿ ಅಕ್ಕಿ ಹಾಕುವುದಿಲ್ಲ. ಆದರೆ ಇದನ್ನು ವಿಶ್ವವಿದ್ಯಾನಿಲಯಕ್ಕೆ ತಿಳಿಸುವವರು ಯಾರು?

ಬಾಗಿಲ ಬಳಿ ನಿಂತಿದ್ದ ಧಣಿಗಳ ಮಡದಿ, “ಮಾಸ್ಟ್ರನ್ನೇ ಕಳಿಸಿ. ಅವರಿಗೆ ಮನಸ್ಸುಂಟು, ಮುಖ ನೋಡಿದ್ರೆ ಗೊತ್ತಾಗ್ತದೆ” ಎಂದರು.

“ಛೆ, ನನಗೆಂಥದ್ದು ಅಮ್ಮ! ನಾನು ಹೋಗಿ ಎಂತ ಮಾಡ್ಲಿಕ್ಕುಂಟು?” ಎಂದೆ.

ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಎರಡನೆಯ ಸಲ ಒತ್ತಾಯಿಸಿದಾಗ ಸಂಕೋಚದಿಂದ ಒಪ್ಪುವುದು. ನೆಂಟರ ಮನೆಯ ದೋಸೆಗೂ ಇದೇ ಕ್ರಮ. ನಾನು ತಲೆ ತಗ್ಗಿಸಿ ಎರಡನೆಯದಕ್ಕೆ ಕಾದೆ.

“ಅದೂ ಸರಿಯೇ” ಎಂದರು ಧಣಿಗಳು. “ಇವರಿಗೆ ಶಾಲೆ ಬಿಟ್ಟು ಅಷ್ಟು ದೂರ ಯಾಕೆ ಉಪದ್ರ?”

ಅಮ್ಮ ಕಾಫಿ ತರಲು ಒಳಗೆ ಹೋದರು. ನಾನೇ ಪೆನ್ನು ತೆಗೆದು ಎರಡನೆಯ ಸಾಲನ್ನೂ ಮೂರನೆಯ ಸಾಲನ್ನೂ ಹೊಡೆದುಹಾಕಿದೆ.

ಕೆಲವು ದಿನಗಳಲ್ಲಿ ಅಲ್ಲಿಂದ ಕಾಗದ ಬಂತು: ತಂಗಲು ಕೋಣೆ ಬೇಕೇ?

“ಇಷ್ಟು ಪ್ರೀತಿಯಲ್ಲಿ ಕೇಳುವಾಗ ಬೇಡ ಅನ್ಲಿಕ್ಕಾಗ್ತದೋ? ಬೇಕು ಅಂತ ಬರೀರಿ.”

ಬರೆದೆ. ಸ್ನಾನಕ್ಕೆ ಬಿಸಿನೀರು ಇದ್ದರೆ ಉಪಕಾರ, ಊಟ ಮಾತ್ರ ಸೂರ್ಯ ಮುಳುಗುವ ಮೊದಲೇ ಆಗಬೇಕು ಎಂಬ ಎರಡು ವಾಕ್ಯಗಳನ್ನು ಧಣಿಗಳು ಸ್ವತಃ ಹೇಳಿ ಬರೆಸಿದರು. ಜೈನರಾದ ಅವರು ಕತ್ತಲಾದ ಮೇಲೆ ಉಣ್ಣುವವರಲ್ಲ. ಹೋಗದ ಊರಿನಲ್ಲೂ ವ್ರತಭಂಗವಾಗಬಾರದಷ್ಟೆ. ವಿಶ್ವವಿದ್ಯಾನಿಲಯ ಎಲ್ಲಕ್ಕೂ ಒಪ್ಪಿ, ಎದುರಿನ ಸಾಲಿನಲ್ಲಿ ಕುರ್ಚಿ ಕಾದಿರಿಸಿದೆಯೆಂದು ಸಂತೋಷದಿಂದ ತಿಳಿಸಿತು. ಆ ಸಂತೋಷವನ್ನು ಧಣಿಗಳಿಗೆ ಗಟ್ಟಿಯಾಗಿ ಓದಿ ಹೇಳಿದವನೂ ನಾನೇ.

ಸಮಾರಂಭದ ಮುನ್ನಾದಿನ ಧಣಿಗಳಿಗೆ ಸಂಕಟ ಶುರುವಾಯಿತು.

“ಪಾಪ, ಅವರು ಕಾಯ್ತಾರೆ ಮಾಸ್ಟ್ರೇ. ಒಂದು ತಂತಿ ಕೊಡುವ.”

“ಎಂತ ಅಂತ ಕೊಡುವುದು?”

“ಹೊರಟಿದ್ದೇನೆ ಅಂತ.”

ಬೆಳ್ತಂಗಡಿಯ ತಂತಿ ಕಚೇರಿಗೆ ಹೋದೆ. ಎದುರಿಗೆ ಚಾರ್ಮಾಡಿ ಘಾಟಿ ಹತ್ತುವ ಬಸ್ಸು ನಿಂತಿತ್ತು. ಪರಿಚಯದ ಕಂಡಕ್ಟರು ನನ್ನ ಇಸ್ತ್ರಿ ಹಾಕಿದ ಅಂಗಿಯನ್ನು ನೋಡಿ, “ಘಟ್ಟಕ್ಕೋ ಮಾಸ್ಟ್ರೇ? ಹತ್ತಿ, ಹತ್ತಿ, ಸೀಟು ಉಂಟು” ಎಂದ.

“ಇಲ್ಲ ಮಾರಾಯ, ತಂತಿ ಕೊಡ್ಲಿಕ್ಕೆ ಬಂದದ್ದು.”

“ರೈಟ್, ಪೋಯಿ!” ಎಂದು ಕೂಗಿ ಅವನು ಬಸ್ಸಿನ ಬದಿಗೆ ಬಡಿದ. ಬಸ್ಸು ಹೊರಟಿತು. ನಾನು ಒಳಗೆ ಹೋಗಿ, ಹೊರಟಿದ್ದೇನೆ ಎಂದು ಬರೆದು, ಕೆಳಗೆ ಧಣಿಗಳ ಹೆಸರು ಹಾಕಿದೆ.