ಕಬ್ಬಿಣಕ್ಕೆ ಕಟ್ಟಿದ ಹಸಿರು ತಂತಿ

ಸಪ್ತಾಪುರದ ಶಂಭುಲಿಂಗ ತನ್ನ ಕಪಾಳಕ್ಕೆ ಹೊಡೆದದ್ದನ್ನು ಮೈಲಾರಿ ಇಂದಿಗೂ ಮರೆತಿಲ್ಲ. ಏಟೇನೂ ದೊಡ್ಡದಲ್ಲ. ಅಮ್ಮಿನಬಾವಿ ಹಳ್ಳಿಯಲ್ಲಿ ಇಪ್ಪತ್ತೈದು ವರ್ಷ ಪಂಪ್‌ಸೆಟ್ ಮೋಟರಿಗೆ ತಾಮ್ರದ ತಂತಿ ಸುತ್ತಿದ ಆಳು ಅವನು. ಅದಕ್ಕಿಂತ ದೊಡ್ಡ ಏಟು ತಿಂದಿದ್ದಾನೆ, ಕೊಟ್ಟೂ ಇದ್ದಾನೆ. ನಿನ್ನ ತಂತಿ ಕಲಬೆರಕೆ ಅಂದ ರೈತನೊಬ್ಬನ ಮುಂದಿನ ಎರಡು ಹಲ್ಲು ಅವನ ಕೈಯಿಂದಲೇ ಉದುರಿವೆ. ಆದರೆ ತನಗಿಂತ ಹದಿನೈದು ವರ್ಷ ಚಿಕ್ಕವನು, ನಾಲ್ಕು ಮಂದಿಯ ಎದುರಿಗೆ, ಹೊಡೆದ ಮೇಲೆ ಆಡಿದ ಮಾತು ಎದೆಯಲ್ಲಿ ಕೂತುಬಿಟ್ಟಿದೆ.

“ಮೂರನೇ ಇಯತ್ತಾಕ್ಕ ಸಾಲಿ ಬಿಟ್ಟಾಂವಾ, ಇದು ನಿನ್ನ ಬಾವಿ ಮೋಟರ್ ಅಲ್ಲಲೇ!”

ಶಂಭುಲಿಂಗ ಕಾಳಿನ ವ್ಯಾಪಾರಿಯ ಮಗ. ಮನೆಯ ಮೇಲಂತಸ್ತನ್ನು ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟು, ತಾರಸಿಯ ಕೋಣೆಯಲ್ಲಿ ಬಿಟ್‌ಕಾಯಿನ್ ತೆಗೆಯುವ ಹಳೇ ಯಂತ್ರಗಳನ್ನು ತಂದಿಟ್ಟಿದ್ದ. ನೋಡಲು ಬೂಟಿನ ಡಬ್ಬಿಯಷ್ಟು. ಎರಡು ಓಡಿದರೆ ಸಾಕು, ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ; ಕಿವಿಯ ಹತ್ತಿರ ಕೂಗಬೇಕು. ಗಾಳಿ ಸಾಲದೆಂದು ಯಂತ್ರಗಳ ಹಿಂಬದಿಯ ಫ್ಯಾನಿನ ಜಾಲಿಯನ್ನೂ ಬಿಚ್ಚಿ ಎಸೆದಿದ್ದ. ಅವಕ್ಕೆ ಕರೆಂಟು ಕೊಡುವುದು ಹಳೇ ಕಂಪ್ಯೂಟರುಗಳಿಂದ ಕಿತ್ತು ತಂದ ಎಸ್‌ಎಂಪಿಎಸ್ ಡಬ್ಬಿಗಳು. ಕರೆಂಟು ಎಳೆದೆಳೆದು ಮನೆಯ ವೈರಿಂಗೇ ಕರಗಿಹೋದಾಗ, ಮೀಟರಿನಿಂದ ದಪ್ಪ ಲೈನ್ ಎಳೆಯಲು ಮೈಲಾರಿಗೆ ಕರೆ ಹೋಯಿತು.

ಮಧ್ಯಾಹ್ನದ ಹೊತ್ತು. ಕೋಣೆ ಕಾದ ಹೆಂಚಾಗಿತ್ತು. ಆಗಲೇ ಎಳೆದಿದ್ದ ಹೊಸ ಲೈನಿನ ಮೇಲೆ ಎರಡು ಯಂತ್ರ ಅರಚುತ್ತಿದ್ದವು. ಮೂರನೆಯದನ್ನು ಅವತ್ತು ಜೋಡಿಸಬೇಕು. ಅದರ ಎಸ್‌ಎಂಪಿಎಸ್ ಡಬ್ಬಿಯಿಂದ ಹೊರಬಿದ್ದ ತಂತಿಗಳ ಗೊಂಚಲಿನಲ್ಲಿ ಒಂದು ಹಸಿರು ತಂತಿ ಮೈಲಾರಿಯ ಕಣ್ಣಿಗೆ ಚುಚ್ಚಿತು.

“ಸಾವ್ಕಾರ್ರ, ಈ ಹಸರ ವೈರು ಸುಮ್ನ ಜೋತಾಡಾಕತ್ತೈತಲ್ರಿ. ಅರ್ಥಿಂಗ್ ಕೊಟ್ಟಿಲ್ಲೇನ್ರಿ?”

“ಅದು ಅರ್ಥಿಂಗ್ ಅಲ್ಲೋ ಯಪ್ಪಾ. ಅದನ್ನ ಕರೇ ವೈರಿಗೆ ಕೂಡಿಸಿದ್ರ ಚಾಲೂ, ಬಿಡಿಸಿದ್ರ ಬಂದ್.” ಶಂಭುಲಿಂಗ ಹೆಂಡತಿಯ ತಲೆಪಿನ್ನೊಂದನ್ನು ಬೆರಳಲ್ಲಿ ಆಡಿಸುತ್ತ ತೋರಿಸಿದ. “ಈ ಪಿನ್ನ ಇದರ ಸ್ವಿಚ್ಚು. ನೀ ನಿನ್ನ ಮೇನ್ ಲೈನ್ ನೋಡು.”

“ಹಸರ ಅಂದ್ರ ಅರ್ಥಿಂಗರೀ. ದುನಿಯಾದಾಗ ಎಲ್ಲೆ ಹೋದ್ರೂ ಅರ್ಥಿಂಗ.”

“ನಿನ್ನ ದುನಿಯಾ ಅಮ್ಮಿನಬಾವಿ ಬಸ್‌ಸ್ಟ್ಯಾಂಡಿಗೆ ಮುಗೀತೈತಿ!”

ಬಾಗಿಲಲ್ಲಿ ನಿಂತ ಬಾಡಿಗೆ ಹುಡುಗರು ಕಿಸಕ್ಕನೆ ನಕ್ಕರು. ಮೈಲಾರಿ ತಂತಿ ಹಿಡಿಯುವ ಪಕ್ಕಡ ತೆಗೆದು ಆ ಹಸಿರಿಗೆ ಕೈ ಹಾಕಿದ. ಆಗಲೇ ಆ ಏಟು ಬಿದ್ದದ್ದು.

ಅವನ ಹಟಕ್ಕೆ ಕಾರಣವಿತ್ತು, ಅದನ್ನು ಅವನು ಯಾರಿಗೂ ಹೇಳುವವನಲ್ಲ. ತಮ್ಮ ನೀಲಪ್ಪ ಸತ್ತದ್ದು ಹೊಲದ ಸ್ಟಾರ್ಟರ್ ಡಬ್ಬಿ ಹಿಡಿದು. ಹಸಿಗಾಲು, ಕಬ್ಬಿಣದ ಡಬ್ಬಿ, ಯಾರೋ ಕಟ್ಟದೇ ಬಿಟ್ಟುಹೋದ ಹಸಿರು ತಂತಿ. ಕೈ ಡಬ್ಬಿಗೆ ಕಚ್ಚಿಕೊಂಡಿತ್ತು, ಮೈ ಕುಣಿಯುತ್ತಿತ್ತು. ಮೈಲಾರಿ ಬಡಿಗೆ ಎತ್ತಿ ತಮ್ಮನ ಮುಂಗೈಗೆ ಹೊಡೆದ. ಎಲುಬು ಲಟಕ್ಕೆಂದು ಮುರಿದ ಮೇಲೆ ಕೈ ಬಿಟ್ಟಿತು. ಅಷ್ಟರಲ್ಲಿ ಜೀವವೂ ಬಿಟ್ಟಿತ್ತು. ಅಂದಿನಿಂದ ಯಾವ ಮನೆಗೆ ಹೋದರೂ ಅವನ ಮೊದಲ ಕೆಲಸ ಹಸಿರು ತಂತಿಯನ್ನು ಕಬ್ಬಿಣಕ್ಕೆ ಕಟ್ಟುವುದು.

ಶಂಭುಲಿಂಗ ಫೋನು ಬಂತೆಂದು ಕೆಳಗಿಳಿದ. ಹುಡುಗರೂ ಚದುರಿದರು. ಮೂರನೇ ಯಂತ್ರದ ಮೇನ್ ಸ್ವಿಚ್ ಬಂದ್ ಇತ್ತು. ಮೈಲಾರಿ ಹಲ್ಲು ಕಡಿಯುತ್ತ ಹಸಿರು ತಂತಿಯ ತುದಿ ಸುಲಿದು, ಡಬ್ಬಿಯನ್ನು ಬಿಗಿದಿದ್ದ ಕಬ್ಬಿಣದ ರ‍್ಯಾಕಿಗೆ ಸುತ್ತಿ ತಿರುಪು ಬಿಗಿದ. ಕಾಳಜಿಯೋ ಸಿಟ್ಟೋ, ಅವನಿಗೇ ಗೊತ್ತಿಲ್ಲ.

ಆ ಡಬ್ಬಿಯ ಮೈಯೂ ಕಪ್ಪು ತಂತಿಯೂ ಒಳಗೊಳಗೇ ಒಂದು ಎನ್ನುವುದು ಅವನಿಗೆ ತಿಳಿದಿರಲಿಲ್ಲ. ಹಸಿರನ್ನು ಕಬ್ಬಿಣಕ್ಕೆ ಕಟ್ಟಿದರೆ ಪಿನ್ನು ಹಾಕಿದ ಹಾಗೇ.

ಶಂಭುಲಿಂಗ ಮೇಲೆ ಬಂದ. ಪಿನ್ನು ಅಂಗಿಯ ಕಿಸೆಯಲ್ಲಿತ್ತು. ಅದು ಕಿಸೆಯಲ್ಲಿರುವ ತನಕ ಯಂತ್ರ ಸತ್ತಂತೆ ಎಂದು ಅವನ ನಂಬಿಕೆ. ಮೇನ್ ಸ್ವಿಚ್ ಒತ್ತಿದ. ಮೂರನೆಯದು ಆ ಕ್ಷಣವೇ ತಿರುಗತೊಡಗಿತು. ಪಕ್ಕದ ಎರಡರ ಗದ್ದಲದಲ್ಲಿ ಅದರ ಸದ್ದು ಬೇರೆಯಾಗಿ ಕೇಳಲಿಲ್ಲ. ಉಳಿದೆರಡಕ್ಕೆ ದಿನಾ ಮಾಡುವಂತೆ, ನೋಡದೆಯೇ, ಬಲಗೈಯನ್ನು ಯಂತ್ರದ ಹಿಂದೆ ಹಾಕಿ ಪ್ಲಗ್ಗು ಬಿಗಿಯಾಗಿದೆಯೇ ಎಂದು ತಡವಿದ.

ಜಾಲಿಯಿಲ್ಲದ ಫ್ಯಾನಿನ ರೆಕ್ಕೆಗೆ ಬೆರಳು ಸಿಕ್ಕಿ, ರಕ್ತ ಗೋಡೆಗೆ ಸಿಡಿಯಿತು. ತೋರುಬೆರಳು ಎಲುಬಿನ ತನಕ ಸೀಳಿತ್ತು. ನಡುಬೆರಳಿನ ನರ ಕಡಿದು ನೇತಾಡುತ್ತಿತ್ತು. ಬಿದ್ದವನ ಕಣ್ಣು ನೇರ ರ‍್ಯಾಕಿನ ಮೇಲೆ ನಿಂತಿತು. ಅಲ್ಲಿ ಹಸಿರು ತಂತಿ ಬಿಗಿಯಾಗಿ ಸುತ್ತಿಕೊಂಡಿತ್ತು. ಆಮೇಲೆ ಅವನು ಮೈಲಾರಿಯನ್ನು ನೋಡಿದ.

ಮೈಲಾರಿ ಮೇನ್ ಕಿತ್ತೆಸೆದು, ಅವನ ಕೈಯನ್ನು ತನ್ನ ಟವೆಲ್ಲಿನಲ್ಲಿ ಬಿಗಿದು, ಹೆಗಲ ಮೇಲೆ ಹೊತ್ತು ಎರಡು ಅಂತಸ್ತು ಇಳಿದು ಆಸ್ಪತ್ರೆಗೆ ಒಯ್ದ. ಆಸ್ಪತ್ರೆಯ ಅಂಗಳಕ್ಕೆ ಶಂಭುಲಿಂಗನ ಹೆಂಡತಿ ದಾಕ್ಷಾಯಿಣಿಯೂ ಅವಳ ತಮ್ಮ ಶಿವಯೋಗೀಶನೂ ಓಡಿ ಬಂದರು.

“ಏನ್ ಮಾಡಿದ್ಯಲೇ ನಮ್ಮ ಮಾಮಾಗ?” ಎನ್ನುತ್ತಲೇ ಶಿವಯೋಗೀಶ ಹೆಲ್ಮೆಟ್ಟಿನಿಂದ ಮೈಲಾರಿಯ ಬಾಯಿಗೆ ಬೀಸಿದ. ತುಟಿ ಹರಿಯಿತು. ಮೈಲಾರಿ ಸುಮ್ಮನಿರುವ ಆಳಲ್ಲ, ಹಣೆಯಿಂದಲೇ ಅವನ ಮೂಗಿಗೆ ಗುದ್ದಿದ. ಇಬ್ಬರೂ ಮಣ್ಣಿನಲ್ಲಿ ಉರುಳಾಡಿದರು. ಬಿಡಿಸಲು ಬಂದವರಿಗೂ ಏಟು ಬಿದ್ದವು. ಕೊನೆಗೆ ಪೊಲೀಸರೇ ಬಂದು ಇಬ್ಬರ ಕೊರಳಪಟ್ಟಿ ಹಿಡಿದು ಶಂಭುಲಿಂಗನ ಮಂಚದ ಮುಂದೆ ನಿಲ್ಲಿಸಿದರು.

“ಇಂವಾ ಏನರ ಮಾಡ್ಯಾನೇನ್ರಿ?” ಎಂದು ಪೊಲೀಸನೊಬ್ಬ ಮೈಲಾರಿಯನ್ನು ತೋರಿಸಿ ಕೇಳಿದ.

ಒಂದು ಮಾತು ಹೊರಬಿದ್ದರೆ ಜೈಲು. ಜೈಲು ಹೋಗಲಿ, ತಂತಿ ಸುತ್ತುವವನ ಕೈಗೆ ಮುಂದೆ ಯಾರು ಮೋಟರು ಕೊಡುತ್ತಾರೆ? ಮೈಲಾರಿ ಬಾಯಲ್ಲಿನ ರಕ್ತ ನುಂಗಿ ನಿಂತ.

“ಇಲ್ರಿ,” ಎಂದ ಶಂಭುಲಿಂಗ. “ನಾನ ಕೈ ಹಾಕಿದ್ದೆ. ಅವಂದೇನೂ ಇಲ್ಲ.”

ಆರು ತಿಂಗಳು ಕಳೆದವು. ಬೆರಳೆರಡೂ ಕಟ್ಟಿಗೆಯಾದವು ಎಂಬ ಸುದ್ದಿ ಅಮ್ಮಿನಬಾವಿಗೂ ಬಂತು. ಒಂದು ಬೆಳಿಗ್ಗೆ ಮೈಲಾರಿ ಸಪ್ತಾಪುರಕ್ಕೆ ಹೋದ. ಶಂಭುಲಿಂಗ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದ.

“ಸಾವ್ಕಾರ್ರ, ಅವತ್ತ ಆ ವೈರು...”

“ಸಣ್ಣಕ ಮಾತಾಡು. ಆಕಿ ಒಳಗದಾಳ.”

“ಗೊತ್ತಿದ್ದೂ ಯಾಕ ಹೇಳ್ಲಿಲ್ರಿ?”

“ಜಾಲಿ ಬಿಚ್ಚಿದಾಂವ ನಾನು. ಹೇಳಿದ್ರ ಬೆರಳು ವಾಪಸ್ ಬರ್ತಿದ್ವೇನು? ನಂದು ಮುಗೀತು.”

“ನಿಮ್ದು ಮುಗೀತ್ರಿ. ನಂದು?”

ಶಂಭುಲಿಂಗ ಮತ್ತೆ ಗುಂಡಿಗೆ ಕೈ ಹಾಕಿದ. ದಾಕ್ಷಾಯಿಣಿ ಚಹಾ ಹಿಡಿದು ಹೊರಗೆ ಬಂದಳು. ಮೈಲಾರಿಯನ್ನು ಕಂಡು ತಲೆಯ ಮೇಲೆ ಸೆರಗು ಹೊದ್ದಳು.

“ನಮ್ಮ ತಮ್ಮಂದು ತಪ್ಪಾತ್ರಿ ಅಣ್ಣಾ. ಹೊತ್ಕೊಂಡು ಓಡಿದ ಕೈಗೆ ಕೈ ಮುಗಿಯೂದ ಬಿಟ್ಟು ಹೊಡದ. ನಿಮ್ಮ ಋಣಾ ಹೆಂಗ ತೀರಸೋಣ್ರಿ ನಾವು?”

ಮೈಲಾರಿಗೆ ಆ ಕಪ್ಪನ್ನು ಕಲ್ಲಿಗೆ ಅಪ್ಪಳಿಸಿ ಚೂರು ಮಾಡಬೇಕೆನಿಸಿತು. ನಾನೇ ಕಟ್ಟಿದ್ದು ಅಂತ ಓಣಿಯೆಲ್ಲ ಕೇಳುವ ಹಾಗೆ ಕೂಗಬೇಕೆನಿಸಿತು. ಶಂಭುಲಿಂಗ ಬೇಡ ಎಂದು ಕಣ್ಣಲ್ಲೇ ಗದರಿಸಿದ. ಕುದಿಯುವ ಚಹಾವನ್ನು ಮೈಲಾರಿ ಒಂದೇ ಗುಟುಕಿಗೆ ಸುರಿದುಕೊಂಡ. ಗಂಟಲು ಸುಟ್ಟುಹೋಯಿತು.

“ಬರ್ತೇನ್ರಿ ಅಕ್ಕಾರ” ಎಂದಷ್ಟೇ ಹೇಳಿ ಬಸ್ಸಿಗೆ ನಡೆದ. ಹೇಳಬೇಕಾದದ್ದನ್ನು ಆ ಹೆಣ್ಣುಮಗಳಿಗೆ ಅವನು ಈವತ್ತಿಗೂ ಹೇಳಿಲ್ಲ.